ಅಡುಗೆ ಅಕ್ಕನ ತಪ್ಪಲೆ

ಮೈಕ್ ಸರಿಮಾಡುವ ನೆಪದಲ್ಲಿ ಟ್ರಸ್ಟಿ ಸಾಹೇಬರು ಬಗ್ಗಿ, ಮೆತ್ತಗಿನ ಇಂಗ್ಲಿಷಿನಲ್ಲಿ ಹೇಳಿದರು: ಏಳನೇ ಚಾಪ್ಟರ್ ಇವತ್ತು ಓದಬೇಡಿ. ನಾವು ಹಾಕಿಸುವ ಸೆಕೆಂಡ್ ಎಡಿಷನ್‌ನಲ್ಲೂ ಅದು ಇರುವುದಿಲ್ಲ.

ನನ್ನ ಭಾಷಣ ಇಟ್ಟುಕೊಂಡಿದ್ದ, ಮುಂಬೈ ಗಿರ್ಗಾಂವಿನ ಆ ಮನೆ ಈಗ ಮ್ಯೂಸಿಯಂ. ಹಿಂದೆ ಅಲ್ಲಿ ಒಬ್ಬ ಲೇಡಿ ಡಾಕ್ಟರ್ ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದರು. ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ನಾನು ಬರೆದ ಮೊದಲ ಪುಸ್ತಕ ಅವರ ಜೀವನಚರಿತ್ರೆ. ಮ್ಯೂಸಿಯಂ ಟ್ರಸ್ಟಿ ಆ ಡಾಕ್ಟರಮ್ಮನ ಮೊಮ್ಮಗ, ರಿಟೈರ್ಡ್ ವಕೀಲ. ಏಳನೇ ಚಾಪ್ಟರ್ ಮಾತ್ರ ನನ್ನ ಅಜ್ಜಿಯದು. ಉಡುಪಿ ಕಡೆಯಿಂದ ಬಂದ ವಿಧವೆ, ಆ ಮನೆಯ ಅಡುಗೆಯಾಕೆ. ಡಾಕ್ಟರಮ್ಮ ಊರಲ್ಲಿಲ್ಲದ ದಿನ ಸೌಟು ಕೆಳಗಿಟ್ಟು, ಕೈ ತೊಳೆದು, ಹೆರಿಗೆ ಮಾಡಿಸಿದವಳು ಅವಳೇ ಎಂದು ಅಮ್ಮ ಹೇಳುತ್ತಿದ್ದಳು. ಆಸ್ಪತ್ರೆಯ ರಿಜಿಸ್ಟರುಗಳನ್ನೆಲ್ಲ ಜಾಲಾಡಿದ್ದೆ. ಅಜ್ಜಿಯ ಸುಳಿವೇ ಇರಲಿಲ್ಲ. ನನ್ನ ಬಳಿ ಇದ್ದದ್ದು ಅಮ್ಮನ ಮಾತೊಂದೇ.

ನನ್ನ ಜೊತೆಗೆ ಬಂದಿದ್ದವರು ಗೋರೆಗಾಂವಿನ ನಮ್ಮ ಬಿಲ್ಡಿಂಗಿನವರು, ಧಾರವಾಡದ ಹೆಂಗಸು. ಲೋಕಲ್ ರೈಲಿನಲ್ಲಿ ಕಿಟಕಿ ಸೀಟು ಹಿಡಿದುಕೊಟ್ಟದ್ದೂ ಅವರೇ. "ನೀವು ಭಾಷಣಾ ಮಾಡ್ರಿ ಅಕ್ಕಾರ. ಇಂಗ್ಲಿಷ್ ಕೇಳಿದ್ರ ನನಗ ನಿದ್ದಿ ಬರ್ತದ. ನಾ ಅಡಗಿಮನಿ ನೋಡಿ ಬರ್ತೀನಿ" ಎಂದು ಒಳಗೆ ನಡೆದರು. ರಿಪೇರಿಗೆಂದು ವರ್ಷಗಟ್ಟಲೆ ಮುಚ್ಚಿದ್ದ ಅಡುಗೆಮನೆ ಆ ವಾರವಷ್ಟೇ ತೆರೆದಿತ್ತು. ನಾನೂ ಅದನ್ನು ನೋಡಿರಲಿಲ್ಲ.

ಕಾನ್ವೆಂಟಿನ ಹುಡುಗಿ ನಾನು. ಹೇಳಿದ ಹಾಗೆ ಕೇಳುವುದು ರಕ್ತದಲ್ಲೇ ಇದೆ. ಮುಕ್ಕಾಲು ಗಂಟೆ ಡಾಕ್ಟರಮ್ಮನ ಬಗ್ಗೆಯೇ ಮಾತಾಡಿದೆ, ವೆರಿ ನೈಸ್ಲಿ. ಕೊನೆಗೆ ಮಾತ್ರ ತಡೆಯಲಾಗಲಿಲ್ಲ. "ಜೀವನಚರಿತ್ರೆಯಲ್ಲಿ ಬರುವವರು ಕಾಗದದ ಮೇಲೆ ಸಿಕ್ಕವರು. ಈ ಮನೆಯಲ್ಲಿ ಕಾಗದದ ಮೇಲೆ ಸಿಗದವಳು ಒಬ್ಬಳಿದ್ದಳು" ಎಂದುಬಿಟ್ಟೆ.

ಟ್ರಸ್ಟಿ ಎದ್ದು ನಿಂತರು. "ವಿತ್ ಡ್ಯೂ ರೆಸ್ಪೆಕ್ಟ್, ಇದು ಮನೆಯವರ ಪ್ರೀತಿ, ಹಿಸ್ಟರಿ ಅಲ್ಲ. ಸಾಕ್ಷಿ ಎಲ್ಲಿದೆ?"

ಆಗ ಬಾಗಿಲಿಂದ ನನ್ನ ನೆರೆಯವರ ದನಿ: "ಅಕ್ಕಾರ, ಈ ಅಡಗಿ ಅಕ್ಕ ಅಂದ್ರ ಯಾರ್ರಿ? ಒಳಗ ಹಿತ್ತಾಳಿ ಭಾಂಡೆ ಮ್ಯಾಲ ಬರದಾರಲ್ಲ!"

ನಮ್ಮವರು ಹೆಸರು ಕೊರೆಸದೆ ಪಾತ್ರೆ ಉಡುಗೊರೆ ಕೊಡುವುದಿಲ್ಲ. ಯಾರ ಮನೆಯ ಪಾತ್ರೆ ಕಂಡರೂ ಯಾರದೆಂದು ಕುತ್ತಿಗೆ ಓರೆಮಾಡಿ ಓದದೆ ಬಿಡುವುದೂ ಇಲ್ಲ. ಮ್ಯೂಸಿಯಂನವರಿಗೆ ಕನ್ನಡ ಬಾರದು. ಆ ಹಿತ್ತಾಳೆ ತಪ್ಪಲೆಯ ಪಕ್ಕದ ಕಾರ್ಡಿನಲ್ಲಿ ಆ ಅಕ್ಷರಗಳನ್ನೇ 'ಅಂಚಿನಲ್ಲಿ ಬಳ್ಳಿಯ ಡಿಸೈನ್' ಎಂದು ಅಚ್ಚು ಹಾಕಿಸಿದ್ದರು.

ಟ್ರಸ್ಟಿ ಹಳೆಯ ವಕೀಲರಲ್ಲವೇ, ಸಾಕ್ಷಿಗಳನ್ನು ಬೇರೆ ಮಾಡಿದರು! ನನ್ನನ್ನು ಹಾಲ್‌ನಲ್ಲೇ ಕೂರಿಸಿ, ನೆರೆಯವರನ್ನು ಒಳಗೆ ಕರೆದೊಯ್ದು ಹಿಂದಿಯಲ್ಲಿ ಅರ್ಥ ಹೇಳಿಸಿಕೊಂಡರು. ಆಮೇಲೆ ಫೋನಿನಲ್ಲಿ ಫೋಟೊ ತಂದು ನನ್ನ ಮುಂದೆ ಹಿಡಿದರು. ಚುಕ್ಕಿ ಚುಕ್ಕಿ ಕುಟ್ಟಿದ ದುಂಡನೆಯ ಅಕ್ಷರ. ಸಂಜೆ ಹೊತ್ತು ಅಮ್ಮ ಪಾತ್ರೆ ತೊಳೆಯುತ್ತ ನನಗೆ ಕನ್ನಡ ಕಲಿಸಿದ್ದು ಇಂಥವೇ ಅಕ್ಷರಗಳಿಂದ. ಕನ್ನಡಕ ಒರೆಸಿಕೊಂಡು ಓದಿದೆ:

"ಹೆರಿಗೆ ಮಾಡಿಸಿದ ಅಡುಗೆ ಅಕ್ಕನಿಗೆ, ಉಡುಪಿ ಹೋಟೆಲಿನವರಿಂದ."

ಅರ್ಥ ಇಂಗ್ಲಿಷಿನಲ್ಲಿ ಹೇಳಿದೆ. ಟ್ರಸ್ಟಿ ಒಂದು ಸಲ ಫೋನು ನೋಡಿದರು, ಒಂದು ಸಲ ನನ್ನನ್ನು. "ಸೇಮ್," ಎಂದರು. "ವರ್ಡ್ ಫಾರ್ ವರ್ಡ್." ಹಾಲ್ ಪೂರ್ತಿ ಚಪ್ಪಾಳೆ.

"ಅಕ್ಕಾರ, ಆ ಭಾಂಡೆ ಕಪ್ಪಾಗ್ಯದ. ಒಂಚೂರು ಹುಣಸಿಹಣ್ಣು ಹಾಕಿ ತಿಕ್ಕಂತ ಹೇಳ್ರಿ ಅವ್ರಿಗೆ," ಎಂದರು ನೆರೆಯವರು. ನಾನು ಅದನ್ನೂ ಅನುವಾದಿಸಿದೆ. ಟ್ರಸ್ಟಿ ಗಂಭೀರವಾಗಿ ಬರೆದುಕೊಂಡರು.

ಆಮೇಲೆ ಅವರೇ ಕುರ್ಚಿ ಸರಿಸಿ, "ಮ್ಯಾಡಮ್, ಚಾಪ್ಟರ್ ಸೆವೆನ್, ಪ್ಲೀಸ್" ಎಂದರು.

ಕೂತು ಓದಲು ಮನಸ್ಸಾಗಲಿಲ್ಲ. ಮಂಡಿನೋವು ಮರೆತು ನಿಂತೇ ಓದಿದೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ. ನನ್ನ ಇಂಗ್ಲಿಷ್ ಪುಸ್ತಕದಲ್ಲಿ 'ದ ಕುಕ್' ಎಂದಿದ್ದ ಕಡೆಯೆಲ್ಲ, ಅಜ್ಜಿಯ ಆ ಮನೆಯಲ್ಲಿ ನಿಂತು, 'ಅಡುಗೆ ಅಕ್ಕ' ಎಂದೇ ಓದಿದೆ. ಅಮ್ಮ ಇರಬೇಕಿತ್ತು ಅನ್ನಿಸಿತು.