ಕಂಕುಳಲ್ಲಿ ಕಾವು ಪಡೆದ ಚಾಕು

ಪರ್ಕಳದಲ್ಲಿ ನಮ್ಮ ಪಕ್ಕದ ಬಾಡಿಗೆ ಕೋಣೆಯವರು ಗಲ್ಫಿನಿಂದ ಬರುವಾಗ ಒಂದು ಚಾಕು ತಂದಿದ್ದರು. ಅದರ ಹಿಡಿ ಟೊಳ್ಳು. ತುದಿಯ ಮುಚ್ಚಳ ತಿರುಗಿಸಿದರೆ ಒಳಗೆ ಬೆಂಕಿಕಡ್ಡಿ, ಗಾಳ, ನೂಲು. ಭಾನುವಾರ ಜಗಲಿಯಲ್ಲಿ ಕುಳಿತು ಅಲಗಿಗೂ ಮುಚ್ಚಳಕ್ಕೂ ಧಾರಾಳವಾಗಿ ತೆಂಗಿನೆಣ್ಣೆ ಹಚ್ಚುವರು. ಯಾರಾದರೂ ಕರೆದರೆ, "ಅರ್ಜೆಂಟ್ ಎಂತ ಉಂಟು ಮಾರಾಯ?" ಎನ್ನುವರು.

ಎಂಬತ್ತರ ದಶಕದ ಒಂದು ಡಿಸೆಂಬರಿನಲ್ಲಿ ನಾವಿಬ್ಬರೂ ಬಜಗೋಳಿಯಾಚೆಯ ಗುಡ್ಡದ ಮೇಲೆ ತಂಗಿದ್ದೆವು. ಬೆಳಗಾಗುವಾಗ ನನಗೆ ಮೈಯೆಲ್ಲ ನಡುಕ. ನನ್ನ ಬೆಂಕಿಪೆಟ್ಟಿಗೆ ಇಬ್ಬನಿಗೆ ಮೆತ್ತಗಾಗಿತ್ತು. ಅವರು ಗಂಭೀರವಾಗಿ ಚಾಕು ಹೊರತೆಗೆದರು. ಆದರೆ ಮುಚ್ಚಳ ಅಲುಗಲಿಲ್ಲ. ಹಚ್ಚಿದ್ದ ಎಣ್ಣೆ ಚಳಿಗೆ ಹೆಪ್ಪುಗಟ್ಟಿತ್ತು.

"ಸ್ವಲ್ಪ ಬೆಂಕಿ ತೋರಿಸಿದರೆ ಬಿಡುತ್ತದೆ," ಎಂದರು.

"ಬೆಂಕಿ ಅದರ ಒಳಗೇ ಉಂಟಲ್ವಾ?" ಎಂದೆ, ಹಲ್ಲು ಕಟಕಟಿಸುತ್ತ.

"ಅರ್ಜೆಂಟ್ ಎಂತ ಉಂಟು ಮಾರಾಯ?"

ಅಲಗನ್ನು ಒರೆಗೆ ಸೇರಿಸಿ, ಹಿಡಿಯನ್ನು ಕಂಕುಳಲ್ಲಿ ಒತ್ತಿಕೊಂಡು, ಕಾವಿಗೆ ಕುಳಿತ ಕೋಳಿಯ ಹಾಗೆ ಕಣ್ಣು ಮುಚ್ಚಿದರು. ಬಹಳ ಹೊತ್ತಿನ ಮೇಲೆ ಮುಚ್ಚಳ ತಿರುಗಿತು. ಮೊದಲ ಕಡ್ಡಿಯೇ ಹೊತ್ತಿತು.

ಮರುವಾರ ನೋಡಿದರೆ ಜಗಲಿಯಲ್ಲಿ ಅದೇ ಎಣ್ಣೆಯ ಬಾಟಲಿ.

"ಪುನಃ ತೆಂಗಿನೆಣ್ಣೆಯಾ?"

"ಎಣ್ಣೆಯದ್ದು ಎಂತ ತಪ್ಪು?" ಎಂದರು, ಅಲಗು ಒರೆಸುತ್ತ. "ಚಳಿ ಅದಕ್ಕೂ ಆಗುತ್ತದಲ್ವಾ? ಇನ್ನು ಗುಡ್ಡಕ್ಕೆ ಹೋದರೆ ಚಾಕುವನ್ನು ನನ್ನ ಕಂಬಳಿಯೊಳಗೇ ಮಲಗಿಸುವುದು."