ಆಪಾ ಹಾಕದ ಸಹಿ

ಬೇರೆಯವರು ಊದುತ್ತಿದ್ದರೆ ಆಪಾ ಅವರ ಕತ್ತಿನ ನರ ಉಬ್ಬುತ್ತಿತ್ತು. ಉಸಿರು ಅಳೆಯುವ ಯಂತ್ರದ ಕೊಳವೆ ರೋಗಿಯ ಬಾಯಲ್ಲಿ, ಕೆನ್ನೆ ಕೆಂಪಾಗುತ್ತಿದ್ದುದು ಇವರದು. “ಊದಮ್ಮ, ಊದು, ಬಿಡ್ಬೇಡ, ಇನ್ನೂ ಇದೆ ನಿನ್ ಹತ್ರ!” ಎಂದು ಕೂಗುವುದು ಕಾರಿಡಾರಿನ ಕೊನೆಯವರೆಗೂ ಕೇಳಿಸುತ್ತಿತ್ತು. ಮೂರು ಸಲ ಸರಿಯಾಗಿ ಊದದ ಹೊರತು ಯಾರನ್ನೂ ಕುರ್ಚಿಯಿಂದ ಏಳಗೊಡುತ್ತಿರಲಿಲ್ಲ.

ವಿಶ್ವವಿದ್ಯಾಲಯದ ಶ್ವಾಸಕೋಶ ವಿಭಾಗದಲ್ಲಿ ಅವರು ಹಿರಿಯ ಟೆಕ್ನಿಷಿಯನ್, ನಾನು ಕೆಂಚಾರ್ಲಹಳ್ಳಿಯಿಂದ ಬಂದ ಹೊಸಬಳು. ಅವರು ಚಿಂತಾಮಣಿಯವರು, ಮನೆಮಾತು ಉರ್ದು. ಇಡೀ ವಿಭಾಗಕ್ಕೆ ಆಪಾ, ಅಂದರೆ ಅಕ್ಕ. ಇಬ್ಬರದೂ ಗುತ್ತಿಗೆ ಕೆಲಸವೇ. ಹನ್ನೊಂದು ತಿಂಗಳಿಗೊಮ್ಮೆ ಅದನ್ನು ಮುಂದುವರಿಸಿ ಎಂದು ವಿಭಾಗದ ಪ್ರೊಫೆಸರ್ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು.

ಒಂದು ವರ್ಷ ಶಿಡ್ಲಘಟ್ಟದಲ್ಲಿ ಗೂಡು ಬೇಯಿಸಿ ರೇಷ್ಮೆ ತೆಗೆಯುವ ಹೆಂಗಸರನ್ನು ಪರೀಕ್ಷಿಸಲು ಹೋದೆವು. ಅವರ ಶ್ವಾಸಕೋಶ ಕೆಟ್ಟಿದೆ ಎಂದು ಗೊತ್ತಾದರೆ, ಹಬೆ ಹೊರಹಾಕುವ ಫ್ಯಾನುಗಳನ್ನು ನಮ್ಮ ಸಂಶೋಧನಾ ಯೋಜನೆಯ ಹಣದಿಂದಲೇ ಹಾಕಿಸಿಕೊಡುವ ಮಾತಾಗಿತ್ತು. ಹೆಂಗಸರೋ ಒಬ್ಬರಿಗಿಂತ ಒಬ್ಬರು ಚೆನ್ನಾಗಿ ಊದಿದರು. ನನಗೆ ಖುಷಿ. ಆಪಾ ಮಾತ್ರ ಅವರ ಕೈಗಳನ್ನೇ ನೋಡುತ್ತಿದ್ದರು. ಎಲ್ಲರ ಬೆರಳೂ ಸಣ್ಣಗೆ ನಡುಗುತ್ತಿದ್ದವು.

“ಪಂಪ್ ಯಾರ್ದಮ್ಮಾ?” ಎಂದು ಕೇಳಿದರು.

ಒಬ್ಬಾಕೆ ತಲೆತಗ್ಗಿಸಿ, “ನಮ್ಮತ್ತೇದು ಮೇಡಂ. ಎಲ್ರೂ ಎರಡೆರಡು ಸಲ ಎಳ್ಕೊಂಡ್ ಬಂದ್ವಿ. ಫೇಲಾದ್ರೆ ಓನರ್ ಕೆಲ್ಸದಿಂದ ತೆಗೀತಾರಂತೆ” ಎಂದಳು.

ಅದು ಉಬ್ಬಸದ ಪಂಪ್. ಎಳೆದುಕೊಂಡರೆ ಕಟ್ಟಿದ ಎದೆ ಸ್ವಲ್ಪ ಹೊತ್ತು ಬಿಡುತ್ತದೆ, ಕೈ ನಡುಗುತ್ತದೆ. ಪಾಪ, ಅವರು ಇದನ್ನು ಪಾಸಾಗಬೇಕಾದ ಪರೀಕ್ಷೆ ಎಂದುಕೊಂಡಿದ್ದರು!

“ನಿಮ್ ಹೆಸ್ರು ಓನರ್‌ಗೆ ಹೋಗಲ್ಲ, ನನ್ ಮಾತು. ನಾಳೆ ಪಂಪ್ ಎಳ್ಕೊಳ್ದೆ ಬನ್ನಿ” ಎಂದು ಆಪಾ ಆ ದಿನದ ಹಾಳೆಗಳಿಗೆಲ್ಲ ಅಡ್ಡಗೆರೆ ಹಾಕಿದರು.

ಪ್ರೊಫೆಸರ್ ರೇಗಿದರು. “ನಾಳೆಗೆ ಗಾಡಿ ಇಲ್ಲ. ನಂಬರ್ ಬಂದಿದೆಯಲ್ಲ, ಸೈನ್ ಹಾಕಿ.”

“ಸುಳ್ಳು ನಂಬರ್ ಸಾರ್. ಹಾಕಲ್ಲ.”

ಆ ತಿಂಗಳು ಆಪಾ ಅವರ ಗುತ್ತಿಗೆ ಮುಗಿಯಿತು, ಮತ್ತೆ ಮುಂದುವರಿಯಲಿಲ್ಲ. ಹತ್ತೊಂಬತ್ತು ವರ್ಷ ದುಡಿದವರಿಗೆ ಒಂದು ಹಾರ ಹಾಕುವ ಸೌಜನ್ಯವೂ ಇಲ್ಲದ ನಾಚಿಕೆಗೆಟ್ಟ ಜನ! ಅವರನ್ನು ಬೈಯುವ ನಾನೇನು ಕಡಿಮೆಯಲ್ಲ. ಯಂತ್ರದಿಂದ ಅದೇ ನಂಬರುಗಳ ಹೊಸ ಹಾಳೆ ತೆಗೆದು ಸಹಿ ಹಾಕಿದವಳು ನಾನೇ. ವರದಿಯಲ್ಲಿ ಎಲ್ಲರ ಶ್ವಾಸಕೋಶವೂ ಚೆನ್ನಾಗಿತ್ತು. ಫ್ಯಾನು ಬರಲಿಲ್ಲ.

ಚಿಂತಾಮಣಿಗೆ ಹೋಗಿ ಅವರ ಮುಂದೆ ಅತ್ತುಬಿಟ್ಟೆ. ಆಪಾ ಸಮಾಧಾನ ಮಾಡಲಿಲ್ಲ. “ನನ್ ಕೆಲ್ಸ ಹೋಗಿದ್ದಕ್ಕೆ ಅಳ್ಬೇಡ. ಆ ಹೆಂಗಸ್ರು ಇವತ್ತೂ ಅದೇ ಹಬೇಲಿ ಕೂತಿದಾರೆ. ಹೋಗು, ಮತ್ತೆ ಊದ್ಸು” ಎಂದು ಗದರಿದರು. ನಾನು ಹೋಗಲಿಲ್ಲ. ಗುತ್ತಿಗೆಯ ಹೆದರಿಕೆಯಲ್ಲಿ ವರ್ಷಗಳನ್ನೇ ಕಳೆದೆ. ಅದನ್ನು ನೆನೆದರೆ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಕಳೆದ ತಿಂಗಳು ಆಪಾ ತೀರಿಕೊಂಡರು. ಮಣ್ಣು ಮಾಡಿದ ಮರುದಿನವೇ, ಆ ವರದಿ ಸುಳ್ಳು, ಸಹಿ ನನ್ನದು, ಪರೀಕ್ಷೆ ಮತ್ತೆ ಆಗಬೇಕು ಎಂದು ಕುಲಸಚಿವರಿಗೆ ಬರೆದೆ. ಪ್ರೊಫೆಸರ್ ಕರೆಸಿದರು.

“ನಿಮ್ಮ ಗುತ್ತಿಗೆ ಮುಗಿಯೋದು ಯಾವಾಗ, ಗೊತ್ತಲ್ಲ?”

“ಗೊತ್ತು ಸಾರ್. ಶಿಡ್ಲಘಟ್ಟಕ್ಕೆ ಗಾಡಿ ಯಾವಾಗ?”