ಸೆರಗಿನ ಮೇಲಿನ ಶಿಲುಬೆ

ನಮ್ಮ ಟೈಪಿಸ್ಟ್ ಮೇಡಂ ಬಗ್ಗಿ ಟೈಪ್ ಮಾಡುವಾಗ ಸೆರಗಿನ ಮೇಲೆ ತೂಗುವ ಅವರ ಬೆಳ್ಳಿ ಶಿಲುಬೆ ಮೆಷಿನ್ನಿಗೆ ತಾಗಿ ಟಿಕ್ ಎನ್ನುತ್ತಿತ್ತು. ತಿಪಟೂರಿನ ಕೊಬ್ಬರಿ ಮಂಡಿಯ ಆಫೀಸಿನಲ್ಲಿ ಅವರದು ನನ್ನ ಪಕ್ಕದ ಮೇಜು. ಯಾರು ಏನು ಹೇಳಿದರೂ “ಆಗ್ಲಿ ಬಿಡಿ” ಎನ್ನುತ್ತಿದ್ದರು.

ಒಂದು ಸಂಜೆ ಮಂಡಿಯ ಮಾಲೀಕರಾದ ಸಾಹುಕಾರರು ತಮ್ಮ ಎದೆ ಮುಟ್ಟಿಕೊಂಡು ಅವರಿಗೆ ಹೇಳಿದರು: “ನಾನೂ ಲಿಂಗ ಕಟ್ಕೊಂಡಿದೀನಿ ಕಣಮ್ಮ, ಅಂಗಿ ಒಳಗೆ. ನೀನೂ ಅದನ್ನ ಒಳಗೇ ಇಟ್ಕೊ. ಬಂದೋರೆಲ್ಲ ಕೇಳ್ತಾರೆ. ಆಗಲ್ಲ ಅಂದ್ರೆ ಬೇರೆ ಕಡೆ ಕೆಲಸ ನೋಡ್ಕೊ.”

“ಆಗ್ಲಿ ಬಿಡಿ” ಎಂದರು.

ಒಪ್ಪಿದರೋ, ಕೆಲಸ ಬಿಡುತ್ತಾರೋ ನನಗೆ ತಿಳಿಯಲಿಲ್ಲ. ಸಾಹುಕಾರರ ಮಾತು ತಪ್ಪೆಂದೂ ಅನ್ನಿಸಲಿಲ್ಲ, ಸರಿಯೆಂದೂ ಅನ್ನಿಸಲಿಲ್ಲ.

ಮಾರನೆಯ ಬೆಳಿಗ್ಗೆ ಶಿಲುಬೆ ರವಿಕೆಯೊಳಗಿತ್ತು. ಆದರೆ ಭಾನುವಾರ ಚರ್ಚಿಗೆ ಮಾತ್ರ ಉಡುವ ಬಿಳಿ ಸೀರೆಯನ್ನು ಉಟ್ಟು ಬಂದಿದ್ದರು.

“ಇವತ್ತು ಗುರುವಾರ ಅಲ್ವೇನ್ರೀ?” ಎಂದೆ.

“ಆಗ್ಲಿ ಬಿಡಿ” ಎಂದು ಮೆಷಿನ್ನಿಗೆ ಕಾಗದ ಏರಿಸಿದರು.